ವಾಹನದ ಬ್ರೇಕಿನ ಕೀರಲು ಸದ್ದು

ಬ್ರೇಕಿನ ಕೀರಲು ಸದ್ದು ಎಂದರೆ ವಾಹನದ ವೇಗವನ್ನು ತಗ್ಗಿಸುವಾಗ ಅಥವಾ ವಾಹನವನ್ನು ನಿಲ್ಲಿಸುವಾಗ ಬ್ರೇಕಿನ ಭಾಗಗಳು ಕಂಪಿಸುವುದರಿಂದ ಹೊರಡುವ, ಕಿವಿಗೆ ಚುಚ್ಚುವಂತಹ ಹೆಚ್ಚಿನ ಸ್ಥಾಯಿಯ ಧ್ವನಿ. ಕಾರು, ಬಸ್ಸು, ಲಾರಿ, ದ್ವಿಚಕ್ರ ವಾಹನ ಮತ್ತು ಸೈಕಲ್‌ಗಳಲ್ಲೆಲ್ಲ ಇದು ಕಂಡುಬರುತ್ತದೆ. ಈ ಸದ್ದು ಅನೇಕ ವೇಳೆ ನಿರಪಾಯಕಾರಿ. ರಾತ್ರಿಯ ತೇವದಿಂದ ಹುಟ್ಟಿ ಬೆಳಗಿನ ಕೆಲವೇ ನಿಲುಗಡೆಗಳಲ್ಲಿ ಮಾಯವಾಗುತ್ತದೆ. ಆದರೆ ಬ್ರೇಕ್ ಪ್ಯಾಡು ಸವೆದು ಮುಗಿಯುತ್ತ ಬಂದಿರುವುದನ್ನು ಚಾಲಕನಿಗೆ ತಿಳಿಸಲೆಂದೇ ತಯಾರಕರು ಅಳವಡಿಸಿರುವ ಎಚ್ಚರಿಕೆಯ ಸದ್ದೂ ಇದೇ ಬಗೆಯದು. ಕೇವಲ ಧ್ವನಿಯನ್ನು ಕೇಳಿ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ, ಅದರೊಂದಿಗೆ ಬೇರೆ ಯಾವ ಲಕ್ಷಣಗಳಿವೆ ಎಂಬುದನ್ನು ಕ್ರಮವಾಗಿ ಗಮನಿಸಿದರೆ ಕಾರಣವನ್ನು ಬಹುಮಟ್ಟಿಗೆ ಗುರುತಿಸಬಹುದು.

## ಬ್ರೇಕಿನ ರಚನೆ ಮತ್ತು ಕಾರ್ಯ

ಬ್ರೇಕು ವಾಹನದ ಚಲನಶಕ್ತಿಯನ್ನು ಘರ್ಷಣೆಯ ಮೂಲಕ ಉಷ್ಣವಾಗಿ ಪರಿವರ್ತಿಸುತ್ತದೆ. 1,000 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿದ್ದರೆ ಅದರ ಚಲನಶಕ್ತಿ ಸುಮಾರು 1.39 ಲಕ್ಷ ಜೂಲ್‌ಗಳಷ್ಟಿರುತ್ತದೆ. ಸಾಮಾನ್ಯ ಉಷ್ಣತೆಯ ಅರ್ಧ ಲೀಟರಿಗೆ ತುಸು ಕಡಿಮೆ ನೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಕ್ತಿ ಸಾಕು. ಕಾರು ನಿಲ್ಲುವ ಕೆಲವೇ ಸೆಕೆಂಡುಗಳಲ್ಲಿ ಈ ಶಕ್ತಿಯ ಬಹುಭಾಗ ಬ್ರೇಕಿನಲ್ಲಿ ಶಾಖವಾಗುತ್ತದೆ. ಅದರ ಅತ್ಯಲ್ಪ ಅಂಶ ಮಾತ್ರ ಕಂಪನವಾಗಿ, ಧ್ವನಿಯಾಗಿ ಹೊರಬೀಳುತ್ತದೆ.

ಇಂದಿನ ವಾಹನಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಬ್ರೇಕುಗಳಿವೆ.

* ಡಿಸ್ಕ್ ಬ್ರೇಕ್: ಚಕ್ರದೊಂದಿಗೆ ತಿರುಗುವ ಬೀಡುಕಬ್ಬಿಣದ ತಟ್ಟೆಯನ್ನು ಎರಡೂ ಬದಿಗಳಿಂದ ಎರಡು ಪ್ಯಾಡುಗಳು ಅದುಮಿ ಹಿಡಿಯುತ್ತವೆ. ಪ್ಯಾಡುಗಳನ್ನು ಹೊತ್ತಿರುವ ಇಕ್ಕಳದಂತಹ ಭಾಗಕ್ಕೆ ಕ್ಯಾಲಿಪರ್ ಎಂದು ಹೆಸರು. ಚಾಲಕನು ಪೆಡಲ್ ಒತ್ತಿದಾಗ ಬ್ರೇಕ್ ದ್ರವದ ಒತ್ತಡದಿಂದ ಕ್ಯಾಲಿಪರಿನ ಪಿಸ್ಟನ್ ಮುಂದೆ ಸರಿದು ಪ್ಯಾಡನ್ನು ತಟ್ಟೆಗೆ ಒತ್ತುತ್ತದೆ. ಪ್ಯಾಡಿಗೆ ಉಕ್ಕಿನ ಹಿಂಬದಿ ಫಲಕವೂ ಅದರ ಮೇಲೆ ಅಂಟಿಸಿದ ಘರ್ಷಣ ಪದಾರ್ಥವೂ ಇರುತ್ತವೆ.
* ಡ್ರಮ್ ಬ್ರೇಕ್: ಚಕ್ರದೊಂದಿಗೆ ತಿರುಗುವ ಟೊಳ್ಳಾದ ಡ್ರಮ್ಮಿನ ಒಳಗೋಡೆಗೆ ಅರ್ಧಚಂದ್ರಾಕಾರದ ಎರಡು ಬ್ರೇಕ್ ಶೂಗಳು ಒಳಗಿನಿಂದ ಒತ್ತುತ್ತವೆ. ಪೆಡಲನ್ನು ಬಿಟ್ಟಾಗ ಸ್ಪ್ರಿಂಗುಗಳು ಅವನ್ನು ಹಿಂದಕ್ಕೆಳೆಯುತ್ತವೆ. ಅನೇಕ ಸಣ್ಣ ಕಾರುಗಳ ಹಿಂದಿನ ಚಕ್ರಗಳಲ್ಲಿಯೂ ಕಡಿಮೆ ಸಾಮರ್ಥ್ಯದ ಬೈಕು, ಸ್ಕೂಟರುಗಳಲ್ಲಿಯೂ ಇಂತಹ ಬ್ರೇಕುಗಳಿವೆ.

## ಸದ್ದು ಹುಟ್ಟುವ ಬಗೆ

ಎರಡು ಮೇಲ್ಮೈಗಳು ಒಂದರ ಮೇಲೊಂದು ಜಾರುವಾಗ ಚಲನೆ ಯಾವಾಗಲೂ ಸಮನಾಗಿರುವುದಿಲ್ಲ. ಮೇಲ್ಮೈಗಳು ಕ್ಷಣಕಾಲ ಅಂಟಿಕೊಂಡು, ಎಳೆತ ಹೆಚ್ಚಿದಾಗ ಜಾರಿ, ಮತ್ತೆ ಅಂಟಿಕೊಳ್ಳುವುದುಂಟು. ಇದು ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಬಾರಿ ನಡೆದರೆ ಧ್ವನಿ ಕೇಳಿಸುತ್ತದೆ. ರಾಳ ಸವರಿದ ಕಮಾನು ಪಿಟೀಲಿನ ತಂತಿಯನ್ನು ಮಿಡಿಯುವುದು ಈ ತತ್ತ್ವದಿಂದಲೇ. ಕಪ್ಪುಹಲಗೆಯ ಮೇಲೆ ಬರೆಯುವಾಗ ಸೀಮೆಸುಣ್ಣ ಕಿರ್ರೆನ್ನುವುದೂ ಹೀಗೆಯೇ. ಸೀಮೆಸುಣ್ಣವನ್ನು ಎರಡಾಗಿ ಮುರಿದರೆ ಅಥವಾ ಹಿಡಿಯುವ ಕೋನವನ್ನು ಬದಲಿಸಿದರೆ ಸದ್ದು ನಿಲ್ಲುವುದನ್ನು ಶಾಲೆಯಲ್ಲಿ ಕಲಿತವರೆಲ್ಲ ಕಂಡಿರುತ್ತಾರೆ. ಘರ್ಷಣೆ ಇದ್ದೇ ಇರುತ್ತದೆ. ಬದಲಾದದ್ದು ಕಂಪಿಸುವ ವಸ್ತುವಿನ ಉದ್ದ ಮತ್ತು ಅದನ್ನು ಒತ್ತುವ ದಿಕ್ಕು ಮಾತ್ರ. ಬ್ರೇಕಿನ ಸದ್ದನ್ನು ಅಡಗಿಸುವ ಉಪಾಯಗಳಲ್ಲಿ ಹಲವು ಇದೇ ತತ್ತ್ವವನ್ನು ಅವಲಂಬಿಸಿವೆ.

ಬ್ರೇಕಿನಲ್ಲಿ ಇದರ ಜೊತೆಗೆ ಇನ್ನೊಂದು ಪರಿಣಾಮವೂ ಸೇರಿಕೊಳ್ಳುತ್ತದೆ. ಪ್ರತಿಯೊಂದು ಘನವಸ್ತುವಿಗೂ ತಾನು ಕಂಪಿಸಲು ಒಲವು ತೋರುವ ಸಹಜ ಆವೃತ್ತಿಗಳಿರುತ್ತವೆ. ತಟ್ಟೆ, ಪ್ಯಾಡು ಮತ್ತು ಕ್ಯಾಲಿಪರುಗಳಿಗೂ ಇಂತಹ ಆವೃತ್ತಿಗಳಿವೆ. ಇವುಗಳಲ್ಲಿ ಎರಡು ಆವೃತ್ತಿಗಳು ಹತ್ತಿರ ಹತ್ತಿರ ಇದ್ದಾಗ ಘರ್ಷಣೆಯ ಬಲವು ಅವೆರಡನ್ನೂ ಒಂದಕ್ಕೊಂದು ಬೆಸೆಯಬಲ್ಲದು. ಆಗ ಪ್ರತಿ ಕಂಪನಕ್ಕೂ ತಟ್ಟೆಯ ಚಲನೆಯಿಂದ ಶಕ್ತಿ ಒದಗುತ್ತ ಹೋಗಿ ಕಂಪನ ತಾನೇ ಬೆಳೆಯುತ್ತದೆ. ಅಗಲವಾದ ಲೋಹದ ತಟ್ಟೆಯು ಈ ಕಂಪನವನ್ನು ಜಾಗಟೆಯಂತೆ ಸುತ್ತಲಿನ ಗಾಳಿಗೆ ದಾಟಿಸುತ್ತದೆ.

ಕೀರಲು ಸದ್ದಿನ ಆವೃತ್ತಿ ಸಾಮಾನ್ಯವಾಗಿ 1 ಕಿಲೋಹರ್ಟ್ಜ್‌ಗಿಂತ ಹೆಚ್ಚಿದ್ದು, 16 ಕಿಲೋಹರ್ಟ್ಜ್‌ವರೆಗೂ ಇರಬಹುದು. ಮನುಷ್ಯನ ಕಿವಿ 2ರಿಂದ 5 ಕಿಲೋಹರ್ಟ್ಜ್‌ವರೆಗಿನ ಧ್ವನಿಗಳನ್ನು ಅತ್ಯಂತ ಸೂಕ್ಷ್ಮವಾಗಿ ಗ್ರಹಿಸುವುದರಿಂದ, ಅಲ್ಪ ಶಕ್ತಿಯ ಈ ಸದ್ದು ಬಹಳ ಜೋರಾಗಿ ಕೇಳಿಸುತ್ತದೆ. ವಯಸ್ಸಾದಂತೆ ಹೆಚ್ಚಿನ ಆವೃತ್ತಿಯ ಧ್ವನಿಗಳನ್ನು ಕೇಳುವ ಶಕ್ತಿ ಕುಂದುತ್ತದೆ. ಹಾಗಾಗಿ ಹಿಂದಿನ ಆಸನದಲ್ಲಿ ಕುಳಿತ ಮಕ್ಕಳಿಗೆ ಸ್ಪಷ್ಟವಾಗಿ ಕೇಳಿಸುವ ಸದ್ದು ಹಿರಿಯ ಚಾಲಕನಿಗೆ ಕೇಳಿಸದೆ ಇರಬಹುದು. ಸಹಪ್ರಯಾಣಿಕರು ಸದ್ದಿನ ಬಗ್ಗೆ ಹೇಳಿದಾಗ ಅದನ್ನು ಅಲಕ್ಷಿಸದಿರುವುದು ಒಳ್ಳೆಯದು.

ಉಷ್ಣತೆ, ತೇವಾಂಶ, ಪೆಡಲಿನ ಮೇಲಿನ ಒತ್ತಡ, ಪ್ಯಾಡಿನ ಸವೆತ ಇವುಗಳಲ್ಲಿ ಯಾವುದು ಸ್ವಲ್ಪ ಬದಲಾದರೂ ಸದ್ದು ಹುಟ್ಟಬಹುದು ಅಥವಾ ನಿಲ್ಲಬಹುದು. ಮನೆಯ ಬಳಿ ಕಿರುಚುತ್ತಿದ್ದ ಬ್ರೇಕು ಗ್ಯಾರೇಜು ತಲುಪುವ ವೇಳೆಗೆ ಬಿಸಿಯಾಗಿ ಸುಮ್ಮನಾಗುವುದು ಈ ಕಾರಣದಿಂದ. ಸದ್ದು ಬಂದ ಸಂದರ್ಭವನ್ನು ಬರೆದಿಟ್ಟುಕೊಂಡು ಮೆಕ್ಯಾನಿಕ್‌ಗೆ ತಿಳಿಸಿದರೆ ಪರೀಕ್ಷೆ ಸುಲಭವಾಗುತ್ತದೆ.

## ಇತಿಹಾಸ

ಕುದುರೆಗಾಡಿ ಮತ್ತು ಮೊದಲ ಮೋಟಾರು ವಾಹನಗಳಲ್ಲಿ ಚಕ್ರದ ಹೊರ ಅಂಚಿಗೆ ಮರದ ದಿಮ್ಮಿಯನ್ನು ಒತ್ತುವ ಬ್ರೇಕುಗಳಿದ್ದವು. 1888ರಲ್ಲಿ ಜರ್ಮನಿಯ ಬರ್ತಾ ಬೆಂಝ್ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಮೋಟಾರು ವಾಹನದಲ್ಲಿ ಪ್ರಯಾಣಿಸಿದಾಗ, ದಾರಿಯಲ್ಲಿ ಸವೆದ ಬ್ರೇಕಿನ ದಿಮ್ಮಿಗಳಿಗೆ ಚಮ್ಮಾರನೊಬ್ಬನಿಂದ ಚರ್ಮದ ಪಟ್ಟಿ ಹೊಡೆಸಿದರು. ಬದಲಾಯಿಸಬಹುದಾದ ಬ್ರೇಕ್ ಲೈನಿಂಗಿನ ಆರಂಭವೆಂದು ಇದನ್ನು ಪರಿಗಣಿಸಲಾಗುತ್ತದೆ.

1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಿಲಿಯಂ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ಅವರ ವಿನ್ಯಾಸದಲ್ಲಿ ಲೋಹದ ತಟ್ಟೆಯನ್ನು ತಾಮ್ರದ ತುಂಡುಗಳು ಒತ್ತುತ್ತಿದ್ದವು. ಲೋಹಕ್ಕೆ ಲೋಹ ಉಜ್ಜಿ ಅಸಹನೀಯವಾದ ಸದ್ದು ಬರುತ್ತಿತ್ತು. 1907ರಲ್ಲಿ ಹರ್ಬರ್ಟ್ ಫ್ರೂಡ್ ಈ ಮೇಲ್ಮೈಗಳಿಗೆ ಕಲ್ನಾರಿನ ಲೈನಿಂಗ್ ಬಳಸುವ ಉಪಾಯವನ್ನು ಮುಂದಿಟ್ಟ ನಂತರ ಸದ್ದಿನ ಕಾಟ ತಗ್ಗಿತು. ಡಿಸ್ಕ್ ಬ್ರೇಕು ವ್ಯಾಪಕವಾಗಿ ಬಳಕೆಗೆ ಬಂದದ್ದು 1950ರ ದಶಕದ ನಂತರ. 1953ರಲ್ಲಿ ಡಿಸ್ಕ್ ಬ್ರೇಕ್ ಅಳವಡಿಸಿದ್ದ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ 24 ಗಂಟೆಗಳ ಓಟವನ್ನು ಗೆದ್ದದ್ದು ಇದರ ಪ್ರಸಾರಕ್ಕೆ ನೆರವಾಯಿತು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ದೃಢಪಟ್ಟ ಮೇಲೆ ಅದರ ಬದಲಿಗೆ ಬೇರೆ ನಾರುಗಳು, ಲೋಹದ ಎಳೆಗಳು ಮತ್ತು ಸಿರಾಮಿಕ್ ಪದಾರ್ಥಗಳು ಬಳಕೆಗೆ ಬಂದವು.

ಸದ್ದಿನ ಕಾರಣವನ್ನು ಕುರಿತ ವೈಜ್ಞಾನಿಕ ಅಧ್ಯಯನ 1930ರ ದಶಕದಲ್ಲಿಯೇ ಆರಂಭವಾಯಿತು. ವೇಗ ಹೆಚ್ಚಿದಂತೆ ಘರ್ಷಣೆ ಕಡಿಮೆಯಾಗುವ ಗುಣವೇ ಸದ್ದಿಗೆ ಕಾರಣವೆಂದು ಮೊದಲು ಭಾವಿಸಲಾಗಿತ್ತು. 1960ರ ದಶಕದ ಆರಂಭದಲ್ಲಿ ಆರ್. ಟಿ. ಸ್ಪರ್ ಅವರು, ಘರ್ಷಣೆಯ ಗುಣಾಂಕ ಬದಲಾಗದಿದ್ದರೂ ಪ್ಯಾಡು ತಟ್ಟೆಯನ್ನು ತಾಗುವ ಕೋನದಿಂದಲೇ ಅದು ಕಚ್ಚಿಕೊಂಡು ಜಾರಬಲ್ಲದೆಂದು ತೋರಿಸಿದರು. ಅನಂತರದ ಸಂಶೋಧಕರು ಬ್ರೇಕಿನ ಹಲವು ಭಾಗಗಳ ಕಂಪನಗಳು ಬೆಸೆದುಕೊಳ್ಳುವುದನ್ನು ಗಣಿತದ ಮೂಲಕ ವಿವರಿಸಿದರು. ಗಣಕಯಂತ್ರಗಳ ನೆರವಿದ್ದರೂ ಹೊಸ ಬ್ರೇಕೊಂದು ರಸ್ತೆಯಲ್ಲಿ ಸದ್ದು ಮಾಡುವುದೇ ಇಲ್ಲವೆಂದು ಮುಂಚಿತವಾಗಿ ಖಚಿತಪಡಿಸುವುದು ಇಂದಿಗೂ ಕಠಿಣವಾಗಿದೆ.

## ಸದ್ದಿನ ಬಗೆಗಳು

ಚಕ್ರದ ಭಾಗದಿಂದ ಬರುವ ಸದ್ದುಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು.

* ಕೀರಲು: ಕೀಚ್ ಎನ್ನುವ ತೀಕ್ಷ್ಣವಾದ, ಒಂದೇ ಸ್ಥಾಯಿಯ ಧ್ವನಿ. ನಿಧಾನಗತಿಯಲ್ಲಿ ಬ್ರೇಕನ್ನು ಹಗುರವಾಗಿ ಒತ್ತಿದಾಗ ಹೆಚ್ಚು.
* ಕೆರೆತ: ಕರಕರ ಎಂಬ ಒರಟು ಸದ್ದು. ಲೋಹಕ್ಕೆ ಲೋಹ ತಾಗುವುದರ ಸೂಚನೆ.
* ನರಳು: ವಾಹನ ಇನ್ನೇನು ನಿಲ್ಲುವಾಗ ಬರುವ ತಗ್ಗಿದ ಸ್ಥಾಯಿಯ ಧ್ವನಿ. ಸಾಮಾನ್ಯವಾಗಿ ಅಪಾಯಕಾರಿಯಲ್ಲ.
* ಅದುರು: ಬ್ರೇಕ್ ಒತ್ತಿದಾಗ ಪೆಡಲ್ ಅಥವಾ ಸ್ಟಿಯರಿಂಗ್ ನಡುಗುವುದು. ತಟ್ಟೆಯ ದಪ್ಪ ಎಲ್ಲೆಡೆ ಸಮನಾಗಿಲ್ಲದಿರುವುದು ಅಥವಾ ಅದು ಓರೆಯಾಗಿ ತಿರುಗುವುದು ಇದಕ್ಕೆ ಕಾರಣ.
* ಗುಂಯ್‌ಗುಡುವಿಕೆ: ವೇಗದೊಂದಿಗೆ ಏರುವ ನಿರಂತರ ಧ್ವನಿ. ಇದು ಹೆಚ್ಚಾಗಿ ಚಕ್ರದ ಬೇರಿಂಗಿಗೆ ಅಥವಾ ಟೈರಿಗೆ ಸಂಬಂಧಿಸಿದ್ದು.

## ಕಾರಣವನ್ನು ಪತ್ತೆಹಚ್ಚುವ ಕ್ರಮ

ಉಪಕರಣಗಳಿಲ್ಲದೆಯೇ ಚಾಲಕನು ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬಹುದು. ವಾಹನಸಂಚಾರವಿಲ್ಲದ, ಸಮತಟ್ಟಾದ ಸ್ಥಳದಲ್ಲಿ ಗಾಜುಗಳನ್ನು ಇಳಿಸಿ ನಿಧಾನವಾಗಿ ಚಲಿಸುತ್ತ ಪರೀಕ್ಷಿಸಬೇಕು. ಪಕ್ಕದಲ್ಲಿ ಗೋಡೆಯಿದ್ದರೆ ಸದ್ದು ಪ್ರತಿಫಲಿಸಿ ಸ್ಪಷ್ಟವಾಗಿ ಕೇಳಿಸುತ್ತದೆ. ಇನ್ನೊಬ್ಬರು ಸುರಕ್ಷಿತ ದೂರದಲ್ಲಿ ನಿಂತು ಆಲಿಸಿದರೆ ಯಾವ ಚಕ್ರದಿಂದ ಸದ್ದು ಬರುತ್ತಿದೆಯೆಂಬುದು ತಿಳಿಯುತ್ತದೆ.

1. ಸದ್ದು ಬ್ರೇಕ್ ಒತ್ತಿದಾಗ ಮಾತ್ರ ಬರುವುದೇ? ಹಾಗಿದ್ದರೆ ಕಾರಣವು ಪ್ಯಾಡು, ತಟ್ಟೆ, ಶೂ ಅಥವಾ ಡ್ರಮ್ಮಿನಲ್ಲಿರುತ್ತದೆ.
2. ಬ್ರೇಕ್ ಒತ್ತದಿರುವಾಗ ಬಂದು, ಒತ್ತಿದಾಗ ನಿಲ್ಲುವುದೇ ಅಥವಾ ಬದಲಾಗುವುದೇ? ಪ್ಯಾಡಿನ ಸವೆತ ಸೂಚಕವು ತಟ್ಟೆಗೆ ತಾಗುತ್ತಿರಬಹುದು. ಸಡಿಲವಾದ ಪ್ಯಾಡು ಅಲುಗುವುದರಿಂದಲೂ ಹೀಗಾಗಬಹುದು.
3. ಬ್ರೇಕಿಗೂ ಸದ್ದಿಗೂ ಸಂಬಂಧವೇ ಇಲ್ಲವೇ? ಬೇರಿಂಗ್, ಟೈರು, ಚಕ್ರದ ಮುಚ್ಚಳ ಅಥವಾ ಸಿಕ್ಕಿಕೊಂಡ ಕಲ್ಲನ್ನು ಪರಿಶೀಲಿಸಬೇಕು.
4. ಸದ್ದಿನ ಲಯ ಚಕ್ರದ ಸುತ್ತಿಗೆ ಹೊಂದಿಕೊಂಡಿದೆಯೇ? ಸುತ್ತಿಗೊಂದು ಬಾರಿ ಬರುವ ಸದ್ದು ತಟ್ಟೆಯ ಅಥವಾ ಡ್ರಮ್ಮಿನ ಒಂದೇ ಸ್ಥಳದಲ್ಲಿರುವ ದೋಷವನ್ನು ಸೂಚಿಸುತ್ತದೆ.
5. ಬೆಳಿಗ್ಗೆ, ಮಳೆಯ ನಂತರ ಅಥವಾ ತೊಳೆದ ನಂತರ ಮಾತ್ರ ಬರುವುದೇ? ತೇವ ಮತ್ತು ತುಕ್ಕು ಕಾರಣವಾಗಿರುವ ಸಂಭವ ಹೆಚ್ಚು.
6. ಬಿಸಿಯಾದ ಮೇಲೆ ಹೆಚ್ಚುವುದೇ? ಪ್ಯಾಡಿನ ಮೇಲ್ಮೈ ನುಣುಪಾಗಿರಬಹುದು ಅಥವಾ ಬ್ರೇಕು ಬಿಡದೆ ಹಿಡಿದುಕೊಂಡಿರಬಹುದು.
7. ತಿರುವಿನಲ್ಲಿ ಬದಲಾಗುವುದೇ? ಬಲಕ್ಕೆ ತಿರುಗಿದಾಗ ಭಾರ ಎಡಚಕ್ರಗಳ ಮೇಲೆ ಬೀಳುತ್ತದೆ. ಆಗ ಗುಂಯ್‌ಗುಡುವಿಕೆ ಹೆಚ್ಚಿದರೆ ಎಡಬದಿಯ ಬೇರಿಂಗನ್ನು ಶಂಕಿಸಬೇಕು. ಎಡಕ್ಕೆ ತಿರುಗಿದಾಗ ಇದಕ್ಕೆ ವಿರುದ್ಧ.
8. ಜೊತೆಗೆ ಬೇರೆ ಲಕ್ಷಣಗಳಿವೆಯೇ? ಪೆಡಲ್ ಆಳಕ್ಕೆ ಇಳಿಯುವುದು, ವಾಹನ ಒಂದು ಬದಿಗೆ ಎಳೆಯುವುದು, ಸುಟ್ಟ ವಾಸನೆ, ಎಚ್ಚರಿಕೆಯ ದೀಪ ಇವುಗಳಲ್ಲಿ ಯಾವುದಿದ್ದರೂ ವಿಷಯ ಗಂಭೀರ.

## ಮುಖ್ಯ ಕಾರಣಗಳು

### ತೇವ ಮತ್ತು ತುಕ್ಕು

ಬೀಡುಕಬ್ಬಿಣದ ತಟ್ಟೆಗೆ ಘರ್ಷಣೆಯ ಭಾಗದಲ್ಲಿ ಬಣ್ಣ ಬಳಿಯಲಾಗದು. ಆದ್ದರಿಂದ ಒಂದೇ ರಾತ್ರಿಯ ಇಬ್ಬನಿಗೂ ತೆಳುವಾದ ತುಕ್ಕು ಹಿಡಿಯುತ್ತದೆ. ಮೊದಲ ಕೆಲವು ಬಾರಿ ಬ್ರೇಕ್ ಒತ್ತಿದಾಗ ಪ್ಯಾಡು ಈ ಪದರವನ್ನು ಉಜ್ಜಿ ತೆಗೆಯುತ್ತದೆ, ಆಗ ಸದ್ದೂ ನಿಲ್ಲುತ್ತದೆ. ಇದಕ್ಕೆ ದುರಸ್ತಿ ಬೇಕಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಮಳೆಗಾಲದ ತೇವ ಮತ್ತು ಕಡಲಿನ ಉಪ್ಪುಗಾಳಿಗಳಿಂದ ತುಕ್ಕು ಬೇಗ ಬೆಳೆಯುತ್ತದೆ. ವಾಹನವನ್ನು ವಾರಗಟ್ಟಲೆ ನಿಲ್ಲಿಸಿದ್ದರೆ ತುಕ್ಕು ಆಳಕ್ಕಿಳಿದು ತಟ್ಟೆಯಲ್ಲಿ ಕುಳಿಗಳಾಗಬಹುದು. ಇಂತಹ ಸದ್ದು ಹತ್ತಾರು ನಿಲುಗಡೆಗಳಾದರೂ ಹೋಗದಿದ್ದರೆ ತಟ್ಟೆಯನ್ನು ಪರೀಕ್ಷಿಸಬೇಕು.

ವಿದ್ಯುತ್ ವಾಹನಗಳಲ್ಲಿ ವೇಗ ತಗ್ಗಿಸುವ ಕೆಲಸದ ಬಹುಪಾಲನ್ನು ಮೋಟಾರೇ ಮಾಡಿ ಬ್ಯಾಟರಿಗೆ ಶಕ್ತಿಯನ್ನು ಹಿಂದಿರುಗಿಸುತ್ತದೆ. ಘರ್ಷಣೆಯ ಬ್ರೇಕುಗಳಿಗೆ ಕೆಲಸ ಕಡಿಮೆಯಾಗಿ ತುಕ್ಕು ಉಳಿದುಕೊಳ್ಳುವ ಸಂಭವ ಅಲ್ಲಿ ಹೆಚ್ಚು. ಎಂಜಿನ್ನಿನ ಸದ್ದಿಲ್ಲದ ಕಾರಣ ಸಣ್ಣ ಕೀರಲೂ ಎದ್ದು ಕೇಳಿಸುತ್ತದೆ.

### ಪ್ಯಾಡಿನ ಸವೆತ

ಕಾರಿನ ಹೊಸ ಪ್ಯಾಡಿನಲ್ಲಿ ಘರ್ಷಣ ಪದಾರ್ಥ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸಿನ ದಪ್ಪವಿರುತ್ತದೆ. ಅದು 3 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆಯಾದಾಗ ಬದಲಿಸುವುದು ವಾಡಿಕೆ. ಖಚಿತ ಮಿತಿಯನ್ನು ಆಯಾ ವಾಹನದ ಕೈಪಿಡಿ ತಿಳಿಸುತ್ತದೆ. ಅನೇಕ ಪ್ಯಾಡುಗಳ ಹಿಂಬದಿ ಫಲಕಕ್ಕೆ ಉಕ್ಕಿನ ಚಿಕ್ಕ ನಾಲಿಗೆಯೊಂದನ್ನು ಜೋಡಿಸಿರುತ್ತಾರೆ. ಪದಾರ್ಥ ಸವೆದು ಮಿತಿಗೆ ಬಂದಾಗ ಈ ನಾಲಿಗೆ ತಿರುಗುವ ತಟ್ಟೆಯನ್ನು ತಾಗಿ ಕಿರುಚುತ್ತದೆ. ಇದನ್ನು ಸವೆತ ಸೂಚಕ ಎನ್ನುತ್ತಾರೆ. ಕೆಲವು ವಾಹನಗಳಲ್ಲಿ ನಾಲಿಗೆಯ ಬದಲು ವಿದ್ಯುತ್ ತಂತಿಯಿದ್ದು, ಅದು ಸವೆದಾಗ ಚಾಲಕನ ಮುಂದೆ ದೀಪ ಹೊತ್ತಿಕೊಳ್ಳುತ್ತದೆ.

ಈ ಎಚ್ಚರಿಕೆಯನ್ನು ಕಡೆಗಣಿಸಿದರೆ ಘರ್ಷಣ ಪದಾರ್ಥ ಪೂರ್ತಿ ಮುಗಿದು ಉಕ್ಕಿನ ಫಲಕವೇ ತಟ್ಟೆಯನ್ನು ಒತ್ತುತ್ತದೆ. ಆಗ ಕೀರಲು ಹೋಗಿ ಕರಕರ ಎಂಬ ಕೆರೆತ ಆರಂಭವಾಗುತ್ತದೆ. ಕೀರಲು ನಿಂತಿದೆಯೆಂದು ದೋಷ ತಾನಾಗಿಯೇ ಸರಿಹೋಯಿತೆಂದು ಭಾವಿಸುವುದು ಅಪಾಯಕರ. ಈ ಹಂತದಲ್ಲಿ ವಾಹನ ನಿಲ್ಲಲು ಬೇಕಾದ ದೂರ ಹೆಚ್ಚುತ್ತದೆ, ತಟ್ಟೆಯಲ್ಲಿ ಆಳವಾದ ಗೀರುಗಳು ಬೀಳುತ್ತವೆ. ಪ್ಯಾಡುಗಳಷ್ಟನ್ನೇ ಬದಲಿಸಿ ಮುಗಿಸಬಹುದಾಗಿದ್ದ ಖರ್ಚಿಗೆ ತಟ್ಟೆಯ ಬೆಲೆಯೂ ಸೇರಿಕೊಳ್ಳುತ್ತದೆ.

ಸವೆತವನ್ನು ತಿಳಿಯಲು ಇನ್ನೊಂದು ದಾರಿಯಿದೆ. ಪ್ಯಾಡು ಸವೆದಷ್ಟೂ ಪಿಸ್ಟನ್ ಮುಂದೆ ಬಂದು, ಬ್ರೇಕ್ ದ್ರವದ ಡಬ್ಬಿಯಲ್ಲಿ ಮಟ್ಟ ನಿಧಾನವಾಗಿ ಇಳಿಯುತ್ತದೆ. ಕಾರಣವನ್ನು ನೋಡದೆ ದ್ರವವನ್ನು ಮಾತ್ರ ತುಂಬಿಸಿದರೆ ಈ ಸೂಚನೆ ಮರೆಯಾಗುತ್ತದೆ. ಮಟ್ಟ ಒಮ್ಮೆಲೇ ಇಳಿದಿದ್ದರೆ ಅದು ಸೋರಿಕೆಯ ಗುರುತು.

### ಮೇಲ್ಮೈ ನುಣುಪಾಗುವುದು

ಬ್ರೇಕು ಅತಿಯಾಗಿ ಬಿಸಿಯಾದಾಗ ಪ್ಯಾಡಿನ ಪದಾರ್ಥವನ್ನು ಬೆಸೆದಿರುವ ಅಂಟು ಕರಗಿ ಮೇಲ್ಮೈ ಗಾಜಿನಂತೆ ಗಟ್ಟಿಯಾಗಿ ಹೊಳೆಯುತ್ತದೆ. ಇಂತಹ ಪ್ಯಾಡು ಕಿರುಚುವುದಲ್ಲದೆ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಹದಿನಾಲ್ಕು ಕಡಿದಾದ ತಿರುವುಗಳಿರುವ ಆಗುಂಬೆ ಘಾಟಿಯಂತಹ ಅಥವಾ ಚಾರ್ಮಾಡಿಯಂತಹ ಇಳಿಜಾರಿನಲ್ಲಿ ಪೆಡಲಿನ ಮೇಲೆ ಕಾಲನ್ನು ಒತ್ತಿಹಿಡಿದೇ ಇಳಿಯುವವರ ವಾಹನಗಳಲ್ಲಿ ಹೀಗಾಗುವ ಸಂಭವ ಹೆಚ್ಚು. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನೇ ವಾಹನವನ್ನು ಹಿಡಿದಿಡುತ್ತದೆ, ಬ್ರೇಕಿಗೆ ಬಿಡುವು ಸಿಗುತ್ತದೆ.

ಇದರೊಂದಿಗೆ ಬ್ರೇಕ್ ದ್ರವದ ವಿಚಾರವನ್ನೂ ತಿಳಿದಿರಬೇಕು. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4 ದರ್ಜೆಯದು 230 ಡಿಗ್ರಿ ಇರಬೇಕೆಂಬ ನಿಯಮವಿದೆ. ಈ ದ್ರವಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಹಾಗೆ ತೇವ ಸೇರಿದ ದ್ರವಕ್ಕೆ ನಿಗದಿಯಾದ ಕನಿಷ್ಠ ಕುದಿಬಿಂದುಗಳು ಕ್ರಮವಾಗಿ 140 ಮತ್ತು 155 ಡಿಗ್ರಿ ಮಾತ್ರ. ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ತುಂಬಿ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ.

### ಧೂಳು ಮತ್ತು ಕಲ್ಲು

ತಟ್ಟೆಯ ಹಿಂದೆ ತೆಳುವಾದ ತಗಡಿನ ರಕ್ಷಾಕವಚವಿರುತ್ತದೆ. ಇದಕ್ಕೂ ತಟ್ಟೆಗೂ ನಡುವೆ ಜಲ್ಲಿಯ ಚೂರು ಸಿಕ್ಕಿಕೊಂಡರೆ ಇದ್ದಕ್ಕಿದ್ದಂತೆ ಕರ್ಕಶವಾದ ಸದ್ದು ಏಳುತ್ತದೆ. ಜಲ್ಲಿ ಹಾಕಿದ ರಸ್ತೆಯಲ್ಲಿ ಹೋದ ತಕ್ಷಣ ಸದ್ದು ಆರಂಭವಾಗಿದ್ದರೆ ಮೊದಲು ಇದನ್ನೇ ನೋಡಬೇಕು. ನಿಧಾನವಾಗಿ ವಾಹನವನ್ನು ಹಿಂದಕ್ಕೂ ಮುಂದಕ್ಕೂ ಚಲಿಸಿದರೆ ಕೆಲವೊಮ್ಮೆ ಕಲ್ಲು ತಾನೇ ಉದುರುತ್ತದೆ. ಡ್ರಮ್ ಬ್ರೇಕಿನಲ್ಲಿ ಲೈನಿಂಗ್ ಸವೆದ ಪುಡಿ ಒಳಗೇ ಉಳಿಯುವುದರಿಂದ ಧೂಳಿನ ರಸ್ತೆಗಳಲ್ಲಿ ಓಡುವ ವಾಹನಗಳಲ್ಲಿ ಕೀರಲು ಸಾಮಾನ್ಯ.

### ಬಿಗಿದುಕೊಂಡ ಕ್ಯಾಲಿಪರ್ ಅಥವಾ ಕೈಬ್ರೇಕು

ಕ್ಯಾಲಿಪರ್ ಸರಿಯುವ ಪಿನ್ನುಗಳ ಗ್ರೀಸ್ ಒಣಗಿದರೆ ಅಥವಾ ಪಿಸ್ಟನ್ ತುಕ್ಕು ಹಿಡಿದರೆ ಪೆಡಲ್ ಬಿಟ್ಟ ಮೇಲೂ ಪ್ಯಾಡು ತಟ್ಟೆಯನ್ನು ಸವರುತ್ತಲೇ ಇರುತ್ತದೆ. ಕೈಬ್ರೇಕಿನ ಕೇಬಲ್ ಸಿಕ್ಕಿಕೊಂಡಾಗ ಹಿಂದಿನ ಚಕ್ರಗಳಲ್ಲಿ ಹೀಗೆಯೇ ಆಗುತ್ತದೆ. ಒಂದು ಚಕ್ರ ಮಾತ್ರ ಅತಿಯಾಗಿ ಬಿಸಿಯಾಗುವುದು, ಸುಟ್ಟ ವಾಸನೆ, ವಾಹನ ಒಂದು ಬದಿಗೆ ಎಳೆಯುವುದು, ಒಂದೇ ಚಕ್ರದ ಪ್ಯಾಡು ಬೇಗ ಸವೆಯುವುದು ಇದರ ಲಕ್ಷಣಗಳು. ಪರೀಕ್ಷಿಸಲು ಅಂಗೈಯನ್ನು ಚಕ್ರದ ಸಮೀಪ ಹಿಡಿದು ಶಾಖವನ್ನು ಗ್ರಹಿಸಬೇಕೇ ಹೊರತು ತಟ್ಟೆಯನ್ನು ಮುಟ್ಟಬಾರದು. ಚರ್ಮ ಸುಡುವಷ್ಟು ಬಿಸಿಯಿರುತ್ತದೆ.

### ಹೊಸ ಪ್ಯಾಡುಗಳು

ಹೊಸದಾಗಿ ಹಾಕಿದ ಪ್ಯಾಡು ಮತ್ತು ತಟ್ಟೆ ಪರಸ್ಪರ ಹೊಂದಿಕೊಳ್ಳುವವರೆಗೆ ಸದ್ದು ಬರಬಹುದು. ಮಧ್ಯಮ ವೇಗದಿಂದ ಹದವಾಗಿ ಹಲವು ಬಾರಿ ವೇಗ ತಗ್ಗಿಸಿ, ನಡುನಡುವೆ ಬ್ರೇಕು ತಣಿಯಲು ಬಿಟ್ಟರೆ ಮೇಲ್ಮೈಗಳು ಹೊಂದಿಕೊಳ್ಳುತ್ತವೆ. ಪ್ಯಾಡಿನ ಗುಣಕ್ಕೂ ಸದ್ದಿಗೂ ಸಂಬಂಧವಿದೆ: ಲೋಹದ ಅಂಶ ಹೆಚ್ಚಿರುವ ಪ್ಯಾಡುಗಳು ಶಾಖವನ್ನು ಚೆನ್ನಾಗಿ ತಡೆದರೂ ಹೆಚ್ಚು ಸದ್ದು ಮಾಡುತ್ತವೆ, ಸಾವಯವ ನಾರಿನವು ಮೆತ್ತಗಿದ್ದು ಬೇಗ ಸವೆಯುತ್ತವೆ, ಸಿರಾಮಿಕ್ ಪ್ಯಾಡುಗಳು ಮೌನವಾಗಿದ್ದರೂ ಬೆಲೆ ಹೆಚ್ಚು.

## ಬ್ರೇಕಿಗೆ ಸಂಬಂಧಿಸದ ಸದ್ದುಗಳು

ನುಣುಪಾದ ಸಿಮೆಂಟು ನೆಲದ ವಾಹನ ನಿಲುಗಡೆಯಲ್ಲಿ ತಿರುಗುವಾಗ ಟೈರುಗಳು ಕಿರುಚುವುದು ಸಹಜ. ಸಾಮಾನ್ಯ ರಸ್ತೆಯ ಸಣ್ಣ ತಿರುವುಗಳಲ್ಲಿಯೂ ಕಿರುಚಿದರೆ ಟೈರಿನ ಗಾಳಿಯನ್ನೂ ಚಕ್ರಗಳ ಜೋಡಣೆಯನ್ನೂ ಪರೀಕ್ಷಿಸಬೇಕು. ರಸ್ತೆಯುಬ್ಬು ದಾಟುವಾಗ ಮಾತ್ರ ಕಿರಿಕಿರಿ ಎಂದರೆ ಸಸ್ಪೆನ್ಷನ್ನಿನ ರಬ್ಬರ್ ಬುಷ್ ಒಣಗಿರುತ್ತದೆ. ಪೂರ್ತಿ ತಿರುಗಿಸಿ ಚಲಿಸುವಾಗ ಕಟಕಟ ಎಂದರೆ ಚಕ್ರಕ್ಕೆ ಶಕ್ತಿ ಸಾಗಿಸುವ ದಂಡದ ಕೀಲು ಸವೆದಿರಬಹುದು. ಸಡಿಲವಾದ ಪ್ಲಾಸ್ಟಿಕ್ ಚಕ್ರಮುಚ್ಚಳವೂ ಚಕ್ರದ ಲಯಕ್ಕೆ ಸರಿಯಾಗಿ ಕೀಚುಗುಡುತ್ತದೆ. ಅದನ್ನು ಕಳಚಿ ಓಡಿಸಿ ನೋಡಿದರೆ ಸಂಶಯ ಪರಿಹಾರವಾಗುತ್ತದೆ.

## ದ್ವಿಚಕ್ರ ವಾಹನ ಮತ್ತು ಸೈಕಲ್

ಬೈಕು ಮತ್ತು ಸ್ಕೂಟರುಗಳ ಡ್ರಮ್ ಬ್ರೇಕಿನಲ್ಲಿ ಧೂಳು ತುಂಬುವುದು ಮತ್ತು ಲೈನಿಂಗ್ ನುಣುಪಾಗುವುದು ಕೀರಲಿನ ಮುಖ್ಯ ಕಾರಣಗಳು. ಅನೇಕ ಬೈಕುಗಳಲ್ಲಿ ಬ್ರೇಕಿನ ತೋಳಿನ ಬಳಿ ಬಾಣದ ಗುರುತಿರುತ್ತದೆ. ಬ್ರೇಕನ್ನು ಪೂರ್ತಿ ಒತ್ತಿದಾಗ ಬಾಣವು ಫಲಕದ ಮೇಲಿನ ಗೆರೆಯನ್ನು ತಲುಪಿದರೆ ಶೂಗಳನ್ನು ಬದಲಿಸಬೇಕು. ಸರಪಳಿಗೆ ಸಿಂಪಡಿಸುವ ಎಣ್ಣೆ ಹಿಂದಿನ ತಟ್ಟೆಯ ಮೇಲೆ ಬೀಳದಂತೆ ಎಚ್ಚರ ವಹಿಸಬೇಕು.

ಸೈಕಲ್ಲಿನಲ್ಲಿ ರಬ್ಬರ್ ಕಟ್ಟೆಗಳು ಚಕ್ರದ ಲೋಹದ ಅಂಚನ್ನು ಹಿಡಿಯುತ್ತವೆ. ಕಟ್ಟೆಯ ಮುಂಭಾಗ ಹಿಂಭಾಗಕ್ಕಿಂತ ಸುಮಾರು 1 ಮಿ.ಮೀ. ಮುಂಚಿತವಾಗಿ ಅಂಚನ್ನು ತಾಗುವಂತೆ ಓರೆಯಾಗಿ ಹೊಂದಿಸಿದರೆ ಕೀರಲು ಸಾಮಾನ್ಯವಾಗಿ ನಿಲ್ಲುತ್ತದೆ. ಸೀಮೆಸುಣ್ಣದ ಕೋನವನ್ನು ಬದಲಿಸುವ ಉಪಾಯವೇ ಇಲ್ಲಿಯೂ ಕೆಲಸ ಮಾಡುತ್ತದೆ. ವಿದ್ಯಾರ್ಥಿಗಳು ಸ್ವತಃ ಮಾಡಿನೋಡಬಹುದಾದ ಸರಳ ಪ್ರಯೋಗವಿದು.

## ಪರಿಹಾರಗಳು

ಸದ್ದಿನ ಕಾರಣಕ್ಕೆ ತಕ್ಕಂತೆ ದುರಸ್ತಿಯ ಕ್ರಮ ಬದಲಾಗುತ್ತದೆ.

* ಸವೆದ ಪ್ಯಾಡು ಅಥವಾ ಶೂಗಳನ್ನು ಒಂದು ಅಚ್ಚಿನ ಎರಡೂ ಚಕ್ರಗಳಲ್ಲಿ ಒಟ್ಟಿಗೆ ಬದಲಿಸಬೇಕು. ಒಂದರಲ್ಲಿ ಮಾತ್ರ ಬದಲಿಸಿದರೆ ವಾಹನ ಒಂದು ಬದಿಗೆ ಎಳೆಯಬಹುದು.
* ಪ್ಯಾಡಿನ ಹಿಂಬದಿಯಲ್ಲಿ ಕಂಪನವನ್ನು ಹೀರುವ ತೆಳುವಾದ ಪದರವನ್ನೂ, ಪ್ಯಾಡು ಕ್ಯಾಲಿಪರನ್ನು ತಾಗುವ ಸ್ಥಳಗಳಲ್ಲಿ ಬ್ರೇಕಿಗೆಂದೇ ತಯಾರಿಸಿದ, ಶಾಖ ತಡೆಯುವ ಗ್ರೀಸನ್ನೂ ಬಳಸುತ್ತಾರೆ.
* ತಟ್ಟೆಯನ್ನು ಯಂತ್ರದಲ್ಲಿ ಸಮಗೊಳಿಸಬಹುದು. ಆದರೆ ಅದರ ಮೇಲೆ ನಮೂದಿಸಿರುವ ಕನಿಷ್ಠ ದಪ್ಪಕ್ಕಿಂತ ತೆಳುವಾಗಿದ್ದರೆ ಬದಲಿಸಲೇಬೇಕು.
* ಬ್ರೇಕಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದಬಾರದು. ಬ್ರೇಕಿಗೆಂದೇ ಇರುವ ಶುಚಿಕಾರಕ ದ್ರವದಿಂದ ಒದ್ದೆ ಮಾಡಿ ಒರೆಸಬೇಕು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದಾದ ಕಾರಣ ಈ ಎಚ್ಚರಿಕೆ ಮುಖ್ಯ.
* ಪ್ಯಾಡು ಬದಲಿಸಿದ ಮೇಲೆ ವಾಹನವನ್ನು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಬೇಕು. ಇಲ್ಲವಾದರೆ ಮೊದಲ ಬಾರಿ ಒತ್ತಿದಾಗ ಬ್ರೇಕ್ ಹಿಡಿಯದಿರಬಹುದು.
* ಜ್ಯಾಕಿನ ಆಧಾರದ ಮೇಲಷ್ಟೇ ನಿಂತ ವಾಹನದ ಅಡಿಗೆ ಹೋಗಬಾರದು. ಅನುಭವವಿಲ್ಲದವರು ಬ್ರೇಕನ್ನು ಬಿಚ್ಚದೆ ನುರಿತ ಮೆಕ್ಯಾನಿಕ್‌ಗೆ ಒಪ್ಪಿಸುವುದು ಲೇಸು.

### ಎಣ್ಣೆ ಹಾಕುವ ತಪ್ಪು

ಎತ್ತಿನ ಗಾಡಿಯ ಅಚ್ಚು ಕಿರುಗುಟ್ಟಿದರೆ ಕೀಲೆಣ್ಣೆ ಹಾಕುವುದು, ಬಾಗಿಲಿನ ತಿರುಗಣಿ ಸದ್ದು ಮಾಡಿದರೆ ಎಣ್ಣೆ ಬಿಡುವುದು ಬಹುಕಾಲದ ರೂಢಿ. ಅದೇ ಅಭ್ಯಾಸದಿಂದ ಕಿರುಚುವ ಬ್ರೇಕಿಗೂ ಎಣ್ಣೆ ಬಿಡುವವರಿದ್ದಾರೆ. ಇದು ಪ್ರಾಣಕ್ಕೆ ಎರವಾಗುವ ತಪ್ಪು. ಅಚ್ಚು ಮತ್ತು ತಿರುಗಣಿಗಳಲ್ಲಿ ಘರ್ಷಣೆ ಬೇಡವಾದದ್ದು. ಬ್ರೇಕಿನಲ್ಲಿ ವಾಹನವನ್ನು ನಿಲ್ಲಿಸುವುದೇ ಘರ್ಷಣೆ. ತಟ್ಟೆ, ಪ್ಯಾಡು, ಡ್ರಮ್ ಅಥವಾ ಲೈನಿಂಗಿನ ಮೇಲ್ಮೈಗೆ ಎಣ್ಣೆ ಇಲ್ಲವೆ ಗ್ರೀಸ್ ತಾಗಿದರೆ ಸದ್ದಿನೊಂದಿಗೆ ಹಿಡಿತವೂ ಹೋಗುತ್ತದೆ. ಘರ್ಷಣ ಪದಾರ್ಥ ಎಣ್ಣೆಯನ್ನು ಹೀರಿಕೊಳ್ಳುವುದರಿಂದ ಒರೆಸಿದರೆ ಸಾಲದು; ಅಂತಹ ಪ್ಯಾಡುಗಳನ್ನು ಬದಲಿಸಬೇಕಾಗುತ್ತದೆ.

## ಕೂಡಲೇ ವಾಹನ ನಿಲ್ಲಿಸಬೇಕಾದ ಲಕ್ಷಣಗಳು

ಕೆಳಗಿನವುಗಳಲ್ಲಿ ಯಾವುದಾದರೂ ಕಂಡುಬಂದರೆ ವಾಹನವನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಪರೀಕ್ಷೆಯಾಗುವವರೆಗೆ ಓಡಿಸಬಾರದು.

* ಬ್ರೇಕ್ ಒತ್ತಿದಾಗ ಲೋಹ ಕೆರೆಯುವ ಸದ್ದು.
* ಪೆಡಲ್ ಮೆತ್ತಗಾಗಿ ನೆಲದವರೆಗೆ ಇಳಿಯುವುದು.
* ಕೈಬ್ರೇಕ್ ಇಳಿಸಿದ್ದರೂ ಬ್ರೇಕಿನ ಕೆಂಪು ದೀಪ ಉರಿಯುತ್ತಿರುವುದು.
* ಚಕ್ರದ ಒಳಬದಿಯಲ್ಲಿ ದ್ರವ ಸೋರಿದ ಗುರುತು.
* ಚಕ್ರದಿಂದ ಹೊಗೆ ಅಥವಾ ಸುಟ್ಟ ವಾಸನೆ.
* ಬ್ರೇಕ್ ಒತ್ತಿದಾಗ ವಾಹನ ಬಲವಾಗಿ ಒಂದು ಬದಿಗೆ ಎಳೆಯುವುದು.

## ಮುನ್ನೆಚ್ಚರಿಕೆ

ಪ್ರತಿ ಸರ್ವೀಸಿನಲ್ಲಿ ನಾಲ್ಕು ಚಕ್ರಗಳ ಪ್ಯಾಡು ಮತ್ತು ಶೂಗಳ ದಪ್ಪವನ್ನು ಅಳೆಯಿಸಿ ಬರೆದಿಟ್ಟುಕೊಂಡರೆ ಸವೆತದ ಗತಿ ತಿಳಿಯುತ್ತದೆ. ಬ್ರೇಕ್ ದ್ರವವನ್ನು ಕೈಪಿಡಿ ತಿಳಿಸಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಬದಲಿಸಬೇಕು. ಮಳೆಗಾಲಕ್ಕೆ ಮೊದಲು ಮತ್ತು ಘಾಟಿ ಪ್ರಯಾಣಕ್ಕೆ ಮೊದಲು ಬ್ರೇಕನ್ನು ಪರೀಕ್ಷಿಸಿಕೊಳ್ಳುವುದು ಉತ್ತಮ. ದೀರ್ಘಕಾಲ ನಿಲ್ಲಿಸುವ ವಾಹನವನ್ನು ಆಗಾಗ ಸ್ವಲ್ಪ ದೂರ ಓಡಿಸಿದರೆ ತಟ್ಟೆಗಳ ಮೇಲೆ ತುಕ್ಕು ಗಟ್ಟಿಯಾಗುವುದಿಲ್ಲ. ಕೀರಲು ಸದ್ದು ಮೊದಲ ಬಾರಿ ಕೇಳಿದ ದಿನಾಂಕ, ಹವಾಮಾನ, ವೇಗ ಮತ್ತು ಬ್ರೇಕ್ ಒತ್ತಿದ್ದರ ವಿವರವನ್ನು ಗುರುತಿಸಿಟ್ಟುಕೊಂಡು, ಅದು ಕೆಲವು ದಿನಗಳಲ್ಲಿ ಹೋಗದಿದ್ದರೆ ಪ್ಯಾಡಿನ ದಪ್ಪವನ್ನು ನೋಡಿಸಬೇಕು.